ಹುಳುವಿನ ಮದ್ದು, ಹುಳುವಿಲ್ಲದ ಕಾಯಿಲೆ

(ಸಖರಾಯಪಟ್ಟಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ಕೇಳದವರು ಕಡೂರು ಸೀಮೆಯಲ್ಲಿ ಇರಲಾರರು. ದನ, ಕುರಿಗಳನ್ನು ನಂಬಿ ಬಾಳಿದ ನೆಲ ಇದು. ಅಜ್ಜಂಪುರ, ಬೀರೂರುಗಳ ಕಾವಲುಗಳಲ್ಲಿ ಮೇದು ಬೆಳೆದ ಅಮೃತಮಹಲ್ ರಾಸುಗಳು ಮೈಸೂರು ಅರಸರ ಕಾಲದಿಂದಲೂ ಹೆಸರುವಾಸಿ. ಇತ್ತ ಸಖರಾಯಪಟ್ಟಣದ ಕಡೆ ಬಂದರೆ, ಅಯ್ಯನಕೆರೆಯ ನೀರು ಹರಿದಲ್ಲಿ ಗದ್ದೆ, ತೆಂಗು, ಅಡಿಕೆ; ನೀರು ಏರದಲ್ಲಿ ರಾಗಿ ಹೊಲ, ಕುರಿ ಹಿಂಡು.

ಕುರಿ ಇರುವ ಮನೆಯಲ್ಲಿ ಜಂತಿನ ಔಷಧಿಯ ಬಾಟಲಿಯೂ ಇರುತ್ತದೆ. ಮಳೆಗಾಲದ ಹೊತ್ತಿಗೆ ಅದನ್ನು ಅಳತೆ ನೋಡಿ ಕುರಿಯ ಬಾಯಿಗೆ ಬಿಡುವುದು ಸಾಕುವವರಿಗೆಲ್ಲ ಗೊತ್ತಿರುವ ಕೆಲಸ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಐವರ್‌ಮೆಕ್ಟಿನ್ ಮುಂತಾದ ಹೆಸರುಗಳನ್ನು ಇಂಗ್ಲಿಷ್ ಬಾರದ ಕುರಿಗಾಹಿಯೂ ಬಲ್ಲ. ಇದರಲ್ಲಿ ಹೊಸತೇನೂ ಇಲ್ಲ. ಹೊಸತೆಂದರೆ, ಇದೇ ಬಾಟಲಿಯ ಕಡೆಗೆ ಮನುಷ್ಯರು ತಮ್ಮ ಕಾಯಿಲೆಗಾಗಿ ತಿರುಗಿ ನೋಡತೊಡಗಿರುವುದು. ಅದೂ ಹೊಟ್ಟೆಯ ಹುಳುವಿಗಲ್ಲ. ಕ್ಯಾನ್ಸರ್, ಸಂಧಿವಾತ, ವಾಸಿಯಾಗದ ಮೈಕೈ ನೋವು, ವರ್ಷಗಟ್ಟಲೆ ಕಾಡುವ ಸುಸ್ತು ಇವುಗಳಿಗೆ! ‘ಎಲ್ಲ ಕಾಯಿಲೆಗೂ ಒಳಗೆ ಸೇರಿಕೊಂಡ ಹುಳುವೇ ಕಾರಣ, ಅದನ್ನು ಕೊಂದರೆ ಸರಿಹೋಗುತ್ತದೆ’ ಎಂಬ ಮಾತು ಅಮೆರಿಕದಿಂದ ಕೊರಿಯಾದವರೆಗೆ ಸುತ್ತಿ, ಮೊಬೈಲ್ ಹಿಡಿದು ಹಳ್ಳಿಯ ಜಗುಲಿಗೂ ಬಂದಿದೆ.

ಇದನ್ನು ಮೂಢನಂಬಿಕೆ ಎಂದು ನಕ್ಕು ಬಿಟ್ಟುಬಿಡುವುದು ಸುಲಭ. ಆದರೆ ಈ ನಂಬಿಕೆಗೆ ಬೇರು ಇದೆ, ಆ ಬೇರಿನಲ್ಲಿ ಸ್ವಲ್ಪ ಸತ್ಯವೂ ಇದೆ. ಅದು ಎಷ್ಟು, ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ತಿಳಿಯುವುದೇ ಇಂದಿನ ಮಾತಿನ ಉದ್ದೇಶ.

ಅಜ್ಜಿಯ ಓಮ ಅಮೆರಿಕಕ್ಕೆ ಹೋದದ್ದು

ಹುಳುವಿಗೆ ಮದ್ದು ಹುಡುಕಿದ ಇತಿಹಾಸ ಬಹಳ ಹಳೆಯದು. ಚರಕಸಂಹಿತೆಯಲ್ಲಿ 20 ಬಗೆಯ ಕ್ರಿಮಿಗಳ ಎಣಿಕೆಯಿದೆ. ಕ್ರಿಮಿನಾಶಕಗಳಲ್ಲೆಲ್ಲ ವಿಡಂಗ ಶ್ರೇಷ್ಠವೆಂದು ಅದೇ ಗ್ರಂಥ ಹೇಳುತ್ತದೆ. ಗ್ರಂದಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ವಾಯುವಿಳಂಗ ಇದೇ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬೇಸಿಗೆಗೆ ಮುನ್ನ ಕೆಂಪಗೆ ಹೂಬಿಡುವ ಮುತ್ತುಗದ ಬೀಜ, ದಾಳಿಂಬೆ ಬೇರಿನ ತೊಗಟೆ, ಬೇವು, ಕುಂಬಳದ ಬೀಜ ಇವೆಲ್ಲ ಹೊಟ್ಟೆಹುಳುವಿಗೆ ಬಳಸಿದ ಮದ್ದುಗಳೇ.

ಅಷ್ಟೇಕೆ, ತರೀಕೆರೆ, ಕಡೂರಿನ ತೋಟಗಳ ಅಡಿಕೆಗೂ ಈ ಪಟ್ಟಿಯಲ್ಲಿ ಜಾಗವಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಲಾಡಿಹುಳುವಿನ ಹಿಡಿತವನ್ನು ಸಡಿಲಿಸುತ್ತದೆ. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳ ಲಾಡಿಹುಳು ಹೊರಹಾಕಲು ಇದನ್ನೇ ಬಹುಕಾಲ ಬಳಸಿದರು. ಆದರೆ ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಹುಳುವನ್ನು ಹೊರಡಿಸುವ ಗುಣವೇ ಬೇರೆ, ಕ್ಯಾನ್ಸರನ್ನು ತಡೆಯುವ ಗುಣವೇ ಬೇರೆ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಇನ್ನು ಓಮದ ಕಥೆ. ಮಗುವಿಗೆ ಹೊಟ್ಟೆ ನುಲಿದರೆ ಅಜ್ಜಿ ಓಮದ ನೀರು ಕುಡಿಸುತ್ತಾಳೆ. ಓಮದ ಎಣ್ಣೆಯಲ್ಲಿ ಥೈಮಾಲ್ ಎಂಬ ಘಾಟಿನ ಅಂಶವಿದೆ. 1909ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಅವರ ಹಣದಿಂದ ಕೊಕ್ಕೆಹುಳು ನಿರ್ಮೂಲನೆಯ ಆಂದೋಲನ ಆರಂಭವಾಯಿತು. ಅಲ್ಲಿಯ ಬಡ ರೈತರು ಸದಾ ಸುಸ್ತು, ಬಿಳಿಚಿಕೊಂಡ ಮುಖ, ಕೆಲಸಕ್ಕೆ ಏಳಲಾಗದ ಸ್ಥಿತಿಯಲ್ಲಿದ್ದರು. ಜನ ಅವರನ್ನು ಸೋಮಾರಿಗಳೆಂದು ಹಂಗಿಸುತ್ತಿದ್ದರು. ನಿಜವಾದ ಕಾರಣ, ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳು. ಅವರಿಗೆ ಕೊಟ್ಟ ಮದ್ದು ಥೈಮಾಲ್, ಅದರ ಹಿಂದೆಯೇ ಭೇದಿಯ ಉಪ್ಪು. ಆ ಕಾಲದಲ್ಲಿ ಭಾರತದ ಓಮ ಜರ್ಮನಿಗೆ ಹೋಗಿ ಅಲ್ಲಿ ಥೈಮಾಲ್ ಆಗುತ್ತಿತ್ತು. ಹೀಗೆ ಹಿತ್ತಲ ಮದ್ದು ಸಮುದ್ರ ದಾಟಿ ಹೆಸರು ಬದಲಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವರ್ಷಗಟ್ಟಲೆಯ ಸುಸ್ತಿಗೆ ಅಲ್ಲಿ ಹುಳುವೇ ಕಾರಣವಾಗಿತ್ತು. ಆದರೆ ಅದು ಊಹೆಯಿಂದ ತಿಳಿದದ್ದಲ್ಲ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊಟ್ಟೆ ಕಂಡ ಮೇಲೆ ಮದ್ದು ಕೊಟ್ಟರು.

ಹಲ್ಲಿನಿಂದ ಬಿದ್ದ ಹುಳು

ಹುಳು ಕಾಣದಿದ್ದರೂ ಹುಳುವಿದೆ ಎಂದು ನಂಬಿದಾಗ ಏನಾಗುತ್ತದೆ ಎಂಬುದಕ್ಕೆ ಹಲ್ಲುನೋವಿನ ನಾಟಿ ಚಿಕಿತ್ಸೆಯನ್ನು ನೋಡಬೇಕು.

ಹುಳುಕು ಹಲ್ಲು ಎಂಬ ಮಾತೇ ಹಲ್ಲನ್ನು ಹುಳು ತಿಂದಿದೆ ಎನ್ನುತ್ತದೆ. ನೆಲಗುಳ್ಳದ ಬೀಜವನ್ನು ಕಾದ ಕಬ್ಬಿಣದ ಮೇಲೆ ಎಣ್ಣೆಯೊಡನೆ ಹಾಕಿ, ಅದರ ಹೊಗೆಯನ್ನು ಕೊಳವೆಯ ಮೂಲಕ ನೋಯುವ ಹಲ್ಲಿಗೆ ಹಿಡಿಸುವ ಪದ್ಧತಿ ನಾಡಿನ ಹಲವೆಡೆ ಇತ್ತು. ಕೆಳಗೆ ನೀರಿನ ಬಟ್ಟಲು. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಬಿಳಿಯ ಸಣ್ಣ ಎಳೆಗಳು ತೇಲುತ್ತವೆ. ‘ನೋಡಿ, ಹುಳು ಬಿತ್ತು’ ಎನ್ನುತ್ತಾನೆ ಮದ್ದು ಮಾಡುವವನು. ನೋಡಿದವರು ನಂಬದೆ ಇರುವುದು ಹೇಗೆ?

ಇದೇ ಪದ್ಧತಿ ಯುರೋಪಿನಲ್ಲಿಯೂ ಇತ್ತು. ಅಲ್ಲಿ ಬಳಸುತ್ತಿದ್ದುದು ಹೆನ್‌ಬೇನ್ ಎಂಬ ಗಿಡದ ಬೀಜ. ಅದೂ ನೆಲಗುಳ್ಳದಂತೆ ಬದನೆಯ ಬಳಗದ್ದೇ. ಕಾವು ತಾಗಿದಾಗ ಬೀಜ ಸಿಡಿದು ಒಳಗೆ ಸುರುಳಿ ಸುತ್ತಿಕೊಂಡಿದ್ದ ಮೊಳಕೆ ಹೊರಬರುತ್ತದೆ. ಬಟ್ಟಲಿನಲ್ಲಿ ಹುಳುವಿನಂತೆ ಕಂಡದ್ದು ಈ ಮೊಳಕೆಯೇ! ರೋಗಿಯ ಬಾಯನ್ನು ಒತ್ತಟ್ಟಿಗಿಟ್ಟು ಬರೀ ಬಟ್ಟಲಿನ ಮೇಲೆ ಬೀಜ ಸುಟ್ಟರೂ ‘ಹುಳು’ ಬೀಳುತ್ತದೆ. ಹಲ್ಲಿನ ಹುಳುವಿನ ಕಲ್ಪನೆ ಪ್ರಾಚೀನ ಮೆಸಪೊಟೇಮಿಯಾದ ಮಣ್ಣಿನ ಹಲಗೆಗಳ ಮೇಲೂ ಇದೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ ತಾನು ಹುಡುಕಿದರೂ ಅಂಥ ಹುಳು ಸಿಗಲಿಲ್ಲವೆಂದು ಬರೆದ. ಆದರೂ ನಂಬಿಕೆ ಮುಂದಿನ ಎರಡು ಶತಮಾನ ಉಳಿಯಿತು.

ಮದ್ದು ಮಾಡುವವನು ಮೋಸಗಾರನೇ ಆಗಿರಬೇಕಿಲ್ಲ. ಅವನೂ ಅದನ್ನು ಹುಳುವೆಂದೇ ನಂಬಿರಬಹುದು. ರೋಗಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಶತ್ರು. ನೋವು ಕಾಣುವುದಿಲ್ಲ, ಹುಳು ಕಾಣುತ್ತದೆ. ಹುಳು ಬಿದ್ದರೆ ಶತ್ರು ಸತ್ತ ಹಾಗೆ. ಜಂತಿನ ಮದ್ದಿನ ಮೇಲೆ ಜನರಿಗೆ ಇರುವ ಅಸಾಧಾರಣ ನಂಬಿಕೆಯ ಗುಟ್ಟು ಇಲ್ಲಿದೆ. ರಕ್ತದೊತ್ತಡದ ಗುಳಿಗೆ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳದು. ಜಂತಿನ ಮದ್ದು ಮಾಡಿದ ಕೆಲಸ ಬೆಳಿಗ್ಗೆ ಎದ್ದರೆ ಕಾಣುತ್ತದೆ.

ನಾರುಹುಣ್ಣಿನ ಪಾಠ

ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಹುಳುವೊಂದಿತ್ತು. ಅದು ನಾರುಹುಣ್ಣಿನ ಹುಳು. ಕುಡಿಯುವ ನೀರಿನಲ್ಲಿರುವ ಸಣ್ಣ ಜೀವಿಯ ಮೂಲಕ ಹೊಟ್ಟೆ ಸೇರಿ, ಸುಮಾರು ಒಂದು ವರ್ಷ ಒಳಗೇ ಬೆಳೆದು, ಮೀಟರ್ ಉದ್ದದವರೆಗಿನ ನಾರಿನಂತೆ ಕಾಲಿನ ಚರ್ಮ ಒಡೆದು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಿತ್ತು. ನಡುವೆ ತುಂಡಾದರೆ ಕಾಲು ಬಾತು ಕೀವಾಗುತ್ತಿತ್ತು. 1980ರ ದಶಕದಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಆರಂಭವಾದಾಗ ಈ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಈ ಹುಳುವನ್ನು ಕೊಲ್ಲುವ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಾಗಾದರೆ ರೋಗ ಹೋದದ್ದು ಹೇಗೆ? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಜನ ಕಾಲಿಟ್ಟು ಇಳಿಯುತ್ತಿದ್ದ ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿ ಕೊಟ್ಟರು. ಊರೂರು ತಿರುಗಿ ರೋಗಿಗಳನ್ನು ಹುಡುಕಿದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದ ಫೆಬ್ರುವರಿಯಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ನೀಡಿತು. ಸಾಕ್ಷಾತ್ ಹುಳುವಿನ ರೋಗವೇ ಮದ್ದಿನಿಂದಲ್ಲ, ಒಂದು ತುಂಡು ಬಟ್ಟೆಯಿಂದ ಸೋತಿತು ಎಂಬುದು ಮರೆಯಬಾರದ ಸಂಗತಿ.

ಹುಳು ಇದ್ದಾಗಲೂ ಮದ್ದನ್ನು ತಾನಾಗಿ ನುಂಗುವುದು ಅಪಾಯವಾಗಬಹುದು. ಲಾಡಿಹುಳುವಿನ ಮೊಟ್ಟೆ ಕೊಳಕು ನೀರು, ತೊಳೆಯದ ಸೊಪ್ಪಿನ ಮೂಲಕ ದೇಹ ಸೇರಿ, ಮರಿ ಮಿದುಳಿಗೆ ಹೋಗಿ ಕೂತರೆ ಮೂರ್ಛೆರೋಗ ಬರುತ್ತದೆ. ಅದಕ್ಕೆ ಅಲ್ಬೆಂಡಜೋಲ್ ಕೊಡುವುದುಂಟು. ಆದರೆ ಹುಳು ಒಮ್ಮೆಲೇ ಸತ್ತಾಗ ಮಿದುಳು ಬಾತುಕೊಳ್ಳಬಹುದು. ಅದಕ್ಕೇ ವೈದ್ಯರು ಸ್ಕ್ಯಾನ್ ನೋಡಿ, ಬಾವು ಇಳಿಸುವ ಔಷಧಿಯನ್ನು ಜೊತೆಗಿಟ್ಟು, ಕಣ್ಗಾವಲಿನಲ್ಲಿ ಕೊಡುತ್ತಾರೆ.

ಪಶುವಿನಿಂದ ಮನುಷ್ಯನಿಗೆ

ಈಗ ಸುದ್ದಿಯಲ್ಲಿರುವ ಮದ್ದುಗಳಿಗೆ ಬರೋಣ. ಐವರ್‌ಮೆಕ್ಟಿನ್ ಹುಟ್ಟಿದ್ದು ಜಪಾನಿನ ಮಣ್ಣಿನಲ್ಲಿ. ವಿಜ್ಞಾನಿ ಸತೋಷಿ ಒಮುರಾ 1970ರ ದಶಕದಲ್ಲಿ ಗಾಲ್ಫ್ ಮೈದಾನವೊಂದರ ಬಳಿಯ ಮಣ್ಣಿನಿಂದ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅದು ಸ್ರವಿಸುವ ವಸ್ತು ಹುಳುಗಳನ್ನು ಕೊಲ್ಲುತ್ತದೆಂದು ಅಮೆರಿಕದ ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತೋರಿಸಿದರು. ಮೊದಲು ದನ, ಕುರಿ, ಕುದುರೆಗಳಿಗೆ ಮದ್ದಾಯಿತು. ಆಫ್ರಿಕಾದಲ್ಲಿ ಹುಳುವಿನಿಂದಾಗುವ ಕುರುಡಿಗೂ ಅದು ಆಗಬಹುದೆಂದು ತೋಚಿದಾಗ, 1981ರಲ್ಲಿ ಸೆನೆಗಲ್‌ನಲ್ಲಿ ಅತಿ ಸಣ್ಣ ಪ್ರಮಾಣದಿಂದ ಮೊದಲುಮಾಡಿ ಎಚ್ಚರಿಕೆಯಿಂದ ಪರೀಕ್ಷಿಸಿದರು. 1987ರಲ್ಲಿ ಆ ರೋಗಕ್ಕೆ ಮದ್ದನ್ನು ಉಚಿತವಾಗಿ ಕೊಡುವುದಾಗಿ ಕಂಪನಿ ಸಾರಿತು. ಲಕ್ಷಾಂತರ ಜನರ ಕಣ್ಣು ಉಳಿಯಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಂದರೆ ದನದ ಮದ್ದು ಮನುಷ್ಯನಿಗೆ ಬರಲೇಬಾರದೆಂದಿಲ್ಲ. ಬರುವ ದಾರಿ ಒಂದಿದೆ ಅಷ್ಟೆ.

2020ರಲ್ಲಿ ಕೊರೊನಾ ಬಂದಾಗ ಆ ದಾರಿಯನ್ನು ಜನ ಮಾತ್ರವಲ್ಲ, ಸರ್ಕಾರಗಳೂ ಬಿಟ್ಟವು. ಐವರ್‌ಮೆಕ್ಟಿನ್ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ವೈರಸ್ಸನ್ನು ತಗ್ಗಿಸಿತೆಂದು ಆಸ್ಟ್ರೇಲಿಯಾದಿಂದ ವರದಿ ಬಂತು. ಅಲ್ಲಿ ಬಳಸಿದ ಸಾಂದ್ರತೆ, ಮನುಷ್ಯ ಮಾಮೂಲಿ ಗುಳಿಗೆ ನುಂಗಿದಾಗ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು ಎಂಬ ಮಾತು ಹಿಂದೆ ಉಳಿಯಿತು. 2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರ 18 ವರ್ಷ ಮೀರಿದ ಎಲ್ಲರಿಗೂ ಈ ಗುಳಿಗೆ ಕೊಡುವುದಾಗಿ ಪ್ರಕಟಿಸಿತು. ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ತನ್ನ ಮಾರ್ಗಸೂಚಿಯಿಂದ ಅದನ್ನು ಕೈಬಿಟ್ಟಿತು. ಮದ್ದು ಅದ್ಭುತವೆಂದು ಸಾರಿದ್ದ ಈಜಿಪ್ಟಿನ ಅಧ್ಯಯನವೊಂದನ್ನು 2021ರ ಜುಲೈನಲ್ಲಿ ಹಿಂತೆಗೆಯಲಾಯಿತು. ಬ್ರೆಜಿಲ್‌ನಲ್ಲಿ 1358 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ.

ಹಾಗಿದ್ದರೆ ಕೆಲವು ದೇಶಗಳ ಪರೀಕ್ಷೆಗಳಲ್ಲಿ ಅದು ಜೀವ ಉಳಿಸಿದಂತೆ ಕಂಡದ್ದು ಏಕೆ? 2022ರ ಒಂದು ವಿಶ್ಲೇಷಣೆ ಇದಕ್ಕೆ ಸ್ವಾರಸ್ಯಕರ ಉತ್ತರ ಕೊಟ್ಟಿದೆ. ಅಂಥ ಫಲ ಕಂಡದ್ದು ಬಹುಮಟ್ಟಿಗೆ ಕರುಳಿನಲ್ಲಿ ಒಂದು ಬಗೆಯ ದುಂಡುಹುಳು ಹೆಚ್ಚಾಗಿರುವ ಪ್ರದೇಶಗಳಲ್ಲಿ. ಕೊರೊನಾ ರೋಗಿಗೆ ಸ್ಟಿರಾಯ್ಡ್ ಕೊಟ್ಟಾಗ ದೇಹದ ಕಾವಲು ಸಡಿಲವಾಗಿ ಈ ಹುಳು ಮೈಯೆಲ್ಲ ಹರಡಿ ಕೊಲ್ಲಬಲ್ಲದು. ಅದನ್ನು ಐವರ್‌ಮೆಕ್ಟಿನ್ ತಡೆದಿರಬಹುದು. ಅಂದರೆ ಮದ್ದು ಕೆಲಸ ಮಾಡಿದ್ದರೆ, ಮಾಡಿದ್ದು ಹುಳುವಿನ ಮೇಲೆಯೇ!

ನಾಯಿಯ ಗುಳಿಗೆ, ಕ್ಯಾನ್ಸರ್ ರೋಗಿ

ಫೆನ್‌ಬೆಂಡಜೋಲ್ ಕಥೆ ಇನ್ನೂ ಮನಕಲಕುವಂಥದು. ಅಮೆರಿಕದ ಜೋ ಟಿಪ್ಪೆನ್ಸ್ ಎಂಬಾತನಿಗೆ 2016ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ನಾಯಿಗೆ ಕೊಡುವ ಈ ಜಂತಿನ ಔಷಧಿಯಿಂದ ಗುಣವಾಯಿತೆಂದು ಆತ ಹೇಳಿದ. ಅದೇ ಅವಧಿಯಲ್ಲಿ ಆತ ಹೊಸ ಬಗೆಯ ಕ್ಯಾನ್ಸರ್ ಔಷಧಿಯ ಪರೀಕ್ಷೆಯಲ್ಲಿಯೂ ಇದ್ದ ಎಂಬುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. 2019ರಲ್ಲಿ ಇದು ದಕ್ಷಿಣ ಕೊರಿಯಾಕ್ಕೆ ಹಬ್ಬಿತು. ಅಲ್ಲಿಯ ಹಾಸ್ಯನಟ ಕಿಮ್ ಚುಲ್-ಮಿನ್ ತಮ್ಮ ಶ್ವಾಸಕೋಶದ ಕ್ಯಾನ್ಸರಿಗೆ ಇದನ್ನು ನುಂಗತೊಡಗಿದಾಗ ದೇಶವೇ ಅವರತ್ತ ನೋಡಿತು. 2020ರಲ್ಲಿ ಅವರು ಇದು ಫಲ ಕೊಡಲಿಲ್ಲವೆಂದು ಹೇಳಿ ನಿಲ್ಲಿಸಿದರು. 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಇದೇ ಮದ್ದು ನುಂಗಿದ ಜಪಾನಿನ 80 ವರ್ಷದ ಕ್ಯಾನ್ಸರ್ ರೋಗಿಯೊಬ್ಬರ ಲಿವರ್ ಕೆಟ್ಟ ಪ್ರಕರಣವೂ 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಇಷ್ಟಾದರೂ 2025ರ ಜನವರಿಯಲ್ಲಿ ನಟ ಮೆಲ್ ಗಿಬ್ಸನ್ ತಮ್ಮ ಮೂವರು ಗೆಳೆಯರ ಕ್ಯಾನ್ಸರ್ ಇಂಥ ಮದ್ದುಗಳಿಂದಲೇ ಹೋಯಿತೆಂದಾಗ ಕಥೆಗೆ ಮತ್ತೆ ಜೀವ ಬಂತು.

ಈ ಮದ್ದಿನ ಹಿಂದೆ ವಿಜ್ಞಾನವೇ ಇಲ್ಲವೆಂದೂ ಅಲ್ಲ. ಹುಳುವಿನ ಜೀವಕೋಶದ ಒಳಗಿನ ಸೂಕ್ಷ್ಮ ನಾಳಗಳನ್ನು ಅದು ಕೆಡಿಸುತ್ತದೆ. ಕ್ಯಾನ್ಸರ್ ಕೋಶ ವಿಭಜನೆಯಾಗಲೂ ಅಂಥ ನಾಳಗಳು ಬೇಕು. ಮನೆಯಂಗಳದ ಕಾಶಿಕಣಗಿಲೆಯಿಂದ, ಅಂದರೆ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಕೆಲಸ ಮಾಡುವುದೂ ಅಲ್ಲಿಯೇ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ವಿನ್‌ಕ್ರಿಸ್ಟಿನ್ 1960ರ ದಶಕದಿಂದ ಜೀವ ಉಳಿಸುತ್ತಾ ಬಂದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಆ ಹೂವು ಸುಳ್ಳು ಮಾಡಿತು. ಆದರೆ ಯಾರೂ ಹೂವನ್ನು ಅರೆದು ಮಗುವಿಗೆ ಕುಡಿಸಿ ಅದನ್ನು ಸಾಧಿಸಲಿಲ್ಲ. ಎಷ್ಟು ಕೊಡಬೇಕು, ಎಷ್ಟಕ್ಕೆ ವಿಷವಾಗುತ್ತದೆ ಎಂದು ಅಳೆದು ಸಾಧಿಸಿದರು.

ಜಂತಿನ ಮದ್ದೊಂದು ಇಂಥ ಅಳತೆಗೆ ಒಳಪಟ್ಟದ್ದೂ ಉಂಟು. ಕುರಿ, ದನಗಳಿಗೆ ಕೊಡುವ ಲೆವಮಿಸೋಲ್ ದೇಹದ ರಕ್ಷಣಾಶಕ್ತಿಯ ಮೇಲೆ ಪರಿಣಾಮ ಬೀರುತ್ತದೆಂದು ತಿಳಿದು, 1990ರಲ್ಲಿ ಅಮೆರಿಕ ಅದನ್ನು ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಇನ್ನೊಂದು ಔಷಧಿಯ ಜೊತೆ ಕೊಡಲು ಒಪ್ಪಿತು. ಮುಂದಿನ ಪರೀಕ್ಷೆಗಳಲ್ಲಿ ಅದಕ್ಕಿಂತ ಒಳ್ಳೆಯ ಜೊತೆ ಸಿಕ್ಕಿತು. ಬಿಳಿ ರಕ್ತಕಣಗಳು ಒಮ್ಮೆಲೇ ಕುಸಿಯುವ ಅಪಾಯವೂ ಕಂಡಿತು. 2000ದ ಹೊತ್ತಿಗೆ ಅದು ಅಲ್ಲಿ ಮನುಷ್ಯರ ಔಷಧಿಗಳ ಸಾಲಿನಿಂದ ಹೊರಬಿತ್ತು. ಭಾರತದಲ್ಲಿ ಮಕ್ಕಳ ಮೂತ್ರಪಿಂಡದ ಒಂದು ಕಾಯಿಲೆ ಮರುಕಳಿಸದಂತೆ ತಡೆಯಲು ವೈದ್ಯರು ಅದನ್ನು ಇಂದಿಗೂ ಬಳಸುತ್ತಾರೆ, ಆಗಾಗ್ಗೆ ರಕ್ತ ಪರೀಕ್ಷಿಸುತ್ತಾ. ಒಂದೇ ಮದ್ದು, ಒಂದು ಕಡೆ ಸೋತಿತು, ಇನ್ನೊಂದು ಕಡೆ ಉಳಿಯಿತು. ಎರಡನ್ನೂ ಹೇಳಿದ್ದು ಪರೀಕ್ಷೆ.

ಹೋಗುವವರು ಯಾಕೆ ಹೋಗುತ್ತಾರೆ?

ಇಷ್ಟು ಹೇಳಿದರೆ ಅರ್ಧ ಹೇಳಿದಂತೆ. ರೋಗಿ ಯಾಕೆ ಪಶು ಔಷಧಿಯ ಬಾಟಲಿಗೆ, ನಾಟಿ ಮದ್ದಿಗೆ ಕೈಚಾಚುತ್ತಾನೆ?

ಸಾಗರ ತಾಲ್ಲೂಕಿನ ನರಸೀಪುರದ ವೈದ್ಯ ನಾರಾಯಣಮೂರ್ತಿ ಅವರ ಮನೆಯ ಮುಂದೆ ವಾರಕ್ಕೆರಡು ದಿನ, ಗುರುವಾರ ಮತ್ತು ಭಾನುವಾರ, ದೇಶದ ಮೂಲೆಮೂಲೆಗಳಿಂದ ಬಂದ ಕ್ಯಾನ್ಸರ್ ರೋಗಿಗಳ ಮನೆಯವರು ಹಿಂದಿನ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದರು. ಅವರು ಕೊಡುತ್ತಿದ್ದುದು ಮರದ ತೊಗಟೆ, ಬೇರು. ತೆಗೆದುಕೊಳ್ಳುತ್ತಿದ್ದ ಹಣ ಅಲ್ಪ. 2020ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದು ಜಂತಿನ ಮದ್ದಲ್ಲ. ತೊಗಟೆ ಎಷ್ಟು ಜನರನ್ನು ಉಳಿಸಿತು ಎಂಬುದನ್ನು ಸಾಲಿನ ಉದ್ದದಿಂದ ಹೇಳಲಾಗದು. ಆದರೆ ಆ ಸಾಲು ಇನ್ನೊಂದು ಮಾತನ್ನು ಹೇಳುತ್ತಿತ್ತು. ದೊಡ್ಡಾಸ್ಪತ್ರೆ ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದ ಮೇಲೆ ಮನೆಯವರು ಎಲ್ಲಿಗೆ ಹೋಗಬೇಕು?

ಸಖರಾಯಪಟ್ಟಣದ ರೋಗಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸುಮಾರು 200 ಕಿಲೋಮೀಟರ್ ದೂರ. ಚಿಕಿತ್ಸೆ ಸರ್ಕಾರದ ಯೋಜನೆಯಲ್ಲಿ ನಡೆದರೂ ಬಸ್ ಚಾರ್ಜು, ಊಟ, ಜೊತೆಗೆ ಬಂದವರ ಕೂಲಿ ನಷ್ಟ ತಪ್ಪುವುದಿಲ್ಲ. ಸಂಧಿವಾತದವರಿಗೆ ‘ಜೀವನವಿಡೀ ಗುಳಿಗೆ’ ಎಂಬ ಒಂದು ಮಾತು ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ಪರೀಕ್ಷೆಯೆಲ್ಲ ‘ನಾರ್ಮಲ್’ ಬಂದೂ ಸುಸ್ತು ಹೋಗದವರಿಗೆ ಅದೂ ಇಲ್ಲ. ಅಂಥವರಿಗೆ ‘ಒಳಗೆ ಹುಳು ಇದೆ, ಇದನ್ನು ಕುಡಿದರೆ ಸಾಯುತ್ತದೆ’ ಎನ್ನುವವನು ಮೂರು ವಸ್ತು ಒಟ್ಟಿಗೆ ಕೊಡುತ್ತಾನೆ: ಕಾಯಿಲೆಗೆ ಒಂದು ಹೆಸರು, ಒಬ್ಬ ಶತ್ರು, ಮುಗಿಯುವ ಒಂದು ದಿನಾಂಕ. ಇದು ಬಾಟಲಿಯಲ್ಲಿರುವ ಮದ್ದಿಗಿಂತ ಬಲವಾದದ್ದು.

ಈ ಆಸೆಯನ್ನು ಬಂಡವಾಳ ಮಾಡಿಕೊಳ್ಳಬಾರದೆಂದೇ 1954ರಲ್ಲಿ ಮಾಂತ್ರಿಕ ಪರಿಹಾರಗಳ ಜಾಹೀರಾತು ತಡೆಯುವ ಕಾಯ್ದೆ ಬಂತು. ಕ್ಯಾನ್ಸರ್, ಸಕ್ಕರೆ ಕಾಯಿಲೆ ಮುಂತಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ಅದರಡಿ ಅಪರಾಧ. ಆದರೆ ಆಪ್ತರಿಂದ ಮೊಬೈಲಿಗೆ ಬರುವ ಸಲಹೆಯನ್ನು ಕಾಯ್ದೆ ತಡೆಯಲಾರದು. ಅದು ಮೋಸದಿಂದಲ್ಲ, ಕಾಳಜಿಯಿಂದಲೇ ಬಂದಿರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಹುಳುವಿನ ಅನುಮಾನವಿದ್ದರೆ ಮಲಪರೀಕ್ಷೆ, ರಕ್ತಪರೀಕ್ಷೆ ಮಾಡಿಸಬಹುದು, ಅದು ದುಬಾರಿಯಲ್ಲ. ಹುಳುವಿದ್ದರೆ ಮನುಷ್ಯರಿಗಾಗಿಯೇ ಮಾಡಿದ ಗುಳಿಗೆ ಇದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಪುಕ್ಕಟೆ ಕೊಡುತ್ತಾರೆ. ಕುರಿಯ ಬಾಟಲಿಯ ಅಳತೆ ಕುರಿಯ ತೂಕಕ್ಕೆ, ಕುರಿಯ ಲಿವರಿಗೆ ಹೊಂದಿಸಿದ್ದು. ಈಗಾಗಲೇ ಅದನ್ನು ಕುಡಿಯುತ್ತಿರುವವರು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಬೈಗುಳ ತಿನ್ನುವ ಹೆದರಿಕೆಯಿಂದ ಮುಚ್ಚಿಟ್ಟರೆ, ಲಿವರ್ ಕೆಟ್ಟಾಗ ಕಾರಣವೇ ತಿಳಿಯದೆ ಹೋಗುತ್ತದೆ. ವೈದ್ಯರೂ ಬೈಯುವ ಬದಲು ಕೇಳಿಸಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಡೆಯುತ್ತಿರುವ ಚಿಕಿತ್ಸೆ ಬಿಡಬಾರದು. ಆರಂಭದಲ್ಲಿಯೇ ಕತ್ತರಿಸಿ ತೆಗೆಯಬಹುದಾಗಿದ್ದ ಗಡ್ಡೆ, ಮೂರು ತಿಂಗಳು ಜಂತಿನ ಮದ್ದು ಕುಡಿಯುವಷ್ಟರಲ್ಲಿ ಕೈಮೀರಬಹುದು. ನಿಜವಾದ ನಷ್ಟ ಬಾಟಲಿಯ ಬೆಲೆಯದಲ್ಲ, ಆ ಮೂರು ತಿಂಗಳದು.

ಎಮ್ಮೆಗೆ ಬರೆ ಹಾಕಿದವನಿಗೆ ಎತ್ತಿನ ಮೇಲೆ ಪ್ರೀತಿ ಇರಲಿಲ್ಲವೆಂದು ಗಾದೆ ಹೇಳುವುದಿಲ್ಲ. ಪ್ರೀತಿ ಇತ್ತು, ಗಾಬರಿ ಇತ್ತು, ಕೈಗೆ ಸಿಕ್ಕದ್ದು ಕಾದ ಕಬ್ಬಿಣ. ಜ್ವರ ಬಂದದ್ದು ಯಾವುದಕ್ಕೆ ಎಂದು ಒಂದು ಗಳಿಗೆ ನಿಂತು ನೋಡಿದ್ದರೆ ಎರಡೂ ಉಳಿಯುತ್ತಿದ್ದವು.